ಪಟ್ಟಿಯ ಮೊದಲ ಸಾಲು

ಒರೆಸುವ ಕೆಲಸ ಮುಗಿಯುವವರೆಗೆ ಶೇವಂತಿ ಮಾತಾಡುತ್ತಿರಲಿಲ್ಲ. ಓಢಣಿಯ ಅಂಚಿನಿಂದ ಲ್ಯಾಪ್‌ಟಾಪಿನ ಪರದೆ ಒರೆಸುವಳು, ಕೀಲಿಗಳ ಸಂದಿಯ ದೂಳು ಊದುವಳು, ಆಮೇಲೆ ಗುಂಡಿ ಒತ್ತುವಳು. ಹಾಗೆ ಒರೆಸಿದ ಒಂದು ಬೆಳಿಗ್ಗೆ ನಾನು ಹುಟ್ಟಿದೆ.

ನಾನು ನಿಘಂಟು ಮಾಡುವ ತಂತ್ರಾಂಶದೊಳಗಿನ ಒಂದು ಸಾಲು. ಹೊಸ ನಿಘಂಟು ಶುರುವಾಗುವಾಗ ಅದು ಕೇಳುತ್ತದೆ: ಯಾವ ಭಾಷೆ, ಯಾವ ಲಿಪಿ? ಹೇಳಿದ್ದನ್ನೆಲ್ಲ ಸೆಟ್ಟಿಂಗ್ಸ್‌ನಲ್ಲಿ ಪಟ್ಟಿ ಮಾಡಿ ಇಡುತ್ತದೆ. ಪಟ್ಟಿಯ ಮೇಲ್ತುದಿಯಲ್ಲಿ ಯಾರು ಕೂತಿದ್ದಾರೋ ಮನೆ ಅವರದು. ಪರದೆ ಅವರ ಮಾತುಗಳನ್ನೇ ತೋರಿಸುತ್ತದೆ. ಅಲ್ಲಿ ಇಂಗ್ಲಿಷ್ ಮೊದಲೇ ಕೂತಿತ್ತು. ಯಾರೂ ಕರೆದಿರಲಿಲ್ಲ. ಶೇವಂತಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಗೋರ್ ಬೋಲಿ, ಕನ್ನಡ ಲಿಪಿ. ಅದು ಅವಳ ತಾಂಡಾದ ಲಂಬಾಣಿಗರ ಮಾತು. ಆಮೇಲೆ ನನ್ನನ್ನು ಎಳೆದು ಎಲ್ಲರಿಗಿಂತ ಮೇಲೆ ಕೂರಿಸಿದಳು. ನನಗೆ ಸಂಕೋಚವೇನೂ ಆಗಲಿಲ್ಲ. ಆ ಜಾಗ ನನ್ನದೇ.

ಶೇವಂತಿ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅವಳ ಎದುರು ಚಾಪೆಯ ಮೇಲೆ ಅಜ್ಜಿ ಝಮಲಿಬಾಯಿ ಕೂರುತ್ತಿದ್ದಳು. ಅಜ್ಜಿ ಹೇಳುವಳು, ಮೊಮ್ಮಗಳು ತುಂಬುವಳು. ರೊಟ್ಟಿಯ ಹೆಸರು, ದನದ ಹೆಸರು, ಬೈಗುಳ, ಎಲ್ಲವೂ ನನ್ನ ಹೆಸರಿಗೆ ಜಮೆಯಾದವು. ಕೊನೆಗೆ ಢಾವಲೋ ಬಂತು. ಮದುಮಗಳು ತವರು ಬಿಡುವಾಗ ಒಬ್ಬೊಬ್ಬರ ಕೊರಳು ತಬ್ಬಿ ಅಳುತ್ತ ಹಾಡುವ ಹಾಡು ಅದು. ಆ ತಾಂಡಾದಲ್ಲಿ ಅದನ್ನು ಪೂರ್ತಿ ಬಲ್ಲವಳು ಝಮಲಿಬಾಯಿ ಒಬ್ಬಳೇ.

"ಮದುಮಗಳು ಇಲ್ಲದ ಮನ್ಯಾಗ ಇದನ್ನ ಹಾಡಬಾರದು ಛೋರಿ," ಎಂದಳು ಅಜ್ಜಿ.

"ನನ್ನ ಮದುವ್ಯಾಗ ಬೇಕಲ್ಲ ದಾದಿ," ಎಂದು ಅಜ್ಜಿಯನ್ನು ಒಲಿಸಿದಳು ಶೇವಂತಿ.

ಅಜ್ಜಿ ಕಣ್ಣು ಮುಚ್ಚಿ ಹಾಡಿದಳು. ಶೇವಂತಿ ಸಾಲು ಸಾಲಾಗಿ ತುಂಬಿದಳು, ಬಾಯಿಪಾಠ ಮಾಡಲಿಲ್ಲ. ಒಳಗೆ ಇದೆಯಲ್ಲ ಎಂಬ ಧೈರ್ಯ.

ಮರುದಿನ ಬೇವೂರ ಸರ್ ಬಂದರು. ಲ್ಯಾಪ್‌ಟಾಪ್ ಕೊಟ್ಟ ಸಂಸ್ಥೆಯವರು. ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದರು.

"ಇದು ಭಾಷಾ ಅಲ್ಲ ತಂಗಿ, ಆಡುಮಾತು. ಇದಕ್ಕ ಲಿಪಿ ಎಲ್ಲೈತಿ? ಮ್ಯಾಲ ಕನ್ನಡ ಇರಲಿ."

ಶೇವಂತಿ ನೆಲ ನೋಡಿದಳು. ಅಜ್ಜಿ ಬಿಡಲಿಲ್ಲ. "ಸಾಹೇಬ್ರ, ನಿಮ್ಮ ಕನ್ನಡ ಹುಟ್ಟುವಾಗ ಪಾಟಿ ಬಳಪ ಹಿಡ್ಕೊಂಡ ಹುಟ್ಟಿತ್ತೇನ್ರೀ?"

ಸರ್ ನಕ್ಕರು. ನಗುತ್ತಲೇ ನನ್ನನ್ನು ಎರಡನೆಯ ಸಾಲಿಗೆ ಎಳೆದು, ಕನ್ನಡವನ್ನು ಹೊಸದಾಗಿ ಸೇರಿಸಿ ಮೇಲೆ ಕೂರಿಸಿ, ಲ್ಯಾಪ್‌ಟಾಪ್ ಮುಚ್ಚಿ ಹೊರಟುಹೋದರು. ಕನ್ನಡದ ಮೇಲೆ ನನಗೆ ಸಿಟ್ಟಿಲ್ಲ. ಅದರ ಅಕ್ಷರಗಳನ್ನೇ ನಾನು ಉಟ್ಟಿದ್ದೇನೆ. ಆದರೆ ಅದರ ಹೆಸರಿಗೆ ಅಲ್ಲಿ ಒಂದು ಮಾತೂ ಇರಲಿಲ್ಲ. ಹಾಗಾಗಿ ಪರದೆ ಖಾಲಿಯಾಯಿತು. ಮಾತುಗಳೆಲ್ಲ ನನ್ನ ಬೆನ್ನ ಹಿಂದೆಯೇ ಇದ್ದವು, ಕಾಣುತ್ತಿರಲಿಲ್ಲ ಅಷ್ಟೆ.

ಬೆಳಿಗ್ಗೆ ಖಾಲಿ ಪರದೆ ಕಂಡು ಶೇವಂತಿ ಅತ್ತಳು. ಅಜ್ಜಿಗೆ ಕಾರಣ ಗೊತ್ತಿತ್ತು. "ಮದುವಿ ಇಲ್ಲದ ಢಾವಲೋ ಹಾಡಿದೆ ನೋಡು. ಕೇಳಿದ ಮಾತೆಲ್ಲ ಮದುಮಗಳ ಹಂಗ ಮನಿ ಬಿಟ್ಟು ಹೊಂಟವು." ಇನ್ನು ಬಾಯಿ ಬಿಡುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಕೂತಳು.

ಶೇವಂತಿ ಕಣ್ಣೊರೆಸಿಕೊಂಡು ಪಟ್ಟಿ ತೆರೆದಳು. ಸರ್ ಕೈ ಎಲ್ಲಿ ಓಡಿತ್ತು ಎಂದು ಅವಳು ಓರೆಗಣ್ಣಿನಲ್ಲಿ ನೋಡಿದ್ದಳು. ನನ್ನನ್ನು ಹಿಡಿದು ಮೇಲಕ್ಕೆ ಎಳೆದಳು. ಮಾತುಗಳು ಒಟ್ಟಿಗೆ ಎದ್ದು ನಿಂತವು. ಅವಳು ಒಂದೊಂದನ್ನೇ ಓದಿ ಹೇಳಿದಳು. ಅಜ್ಜಿ ಮೆಲ್ಲಗೆ ಈಚೆ ತಿರುಗಿದಳು.

"ಅಯ್ಯ, ನಿನ್ನೆ ಹೋದಾಕಿ ಇವತ್ತ ತವರಿಗೆ ಬಂದಳಲ್ಲ! ಗಂಡನ ಮನಿ ಸೇರಲಿಲ್ಲೇನು?"

ಅವರಿಬ್ಬರೂ ಅಷ್ಟು ನಕ್ಕಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಕೆಲಸ ಮುಗಿಯಿತು ಎಂದು ಸಂಸ್ಥೆ ಲ್ಯಾಪ್‌ಟಾಪ್ ವಾಪಸ್ ಒಯ್ದಿತು. ಪೇಟೆಯ ಕಚೇರಿಯಲ್ಲಿ ನನ್ನನ್ನು ಒಂದು ಹಳೆಯ ಕಂಪ್ಯೂಟರಿಗೆ ಇಳಿಸಿದರು. ಬೇವೂರ ಸರ್ ಮೊದಲ ದಿನವೇ ನನ್ನನ್ನು ಮತ್ತೆ ಕೆಳಕ್ಕೆ ತಳ್ಳಿದರು. ನಿಘಂಟು ಪುಸ್ತಕವಾಗಿ ಅಚ್ಚಾಗಲಿಲ್ಲ. ಆ ಚಳಿಗಾಲದಲ್ಲಿ ಝಮಲಿಬಾಯಿ ತೀರಿಕೊಂಡಳು. ಇದು ನನಗೆ ತಿಳಿದದ್ದು ಇವತ್ತು, ಶೇವಂತಿ ಈ ಕಚೇರಿಯ ಬಾಗಿಲಲ್ಲಿ ಬಂದು ನಿಂತು ಹೇಳಿದಾಗ.

"ನನ್ನ ಮದುವಿ ಐತ್ರಿ ಸರ. ದಾದಿ ಹಾಡು ಬೇಕಾಗಿತ್ತು."

ಸರ್ ನನ್ನನ್ನು ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದರು. "ನೀನ ನೋಡವಾ. ಬರೇ ಖಾಲಿ. ನೀವೇನೂ ತುಂಬಿಲ್ಲಂತ ವರದಿ ಕೊಟ್ಟೇವಿ."

ಅವಳ ಕೈ ಮೌಸಿನ ಕಡೆ ಬಂತು. ಸರ್ ಅದನ್ನು ತಮ್ಮತ್ತ ಎಳೆದುಕೊಂಡರು. "ಆಫೀಸಿಂದು ಮುಟ್ಟಬ್ಯಾಡ."

ನನಗೆ ವಯಸ್ಸಾಗಿದೆ. ಈ ತಂತ್ರಾಂಶದ ಹೊಸ ಆವೃತ್ತಿಗಳು ಬಂದಿವೆ, ಈ ಯಂತ್ರ ಗುಜರಿಗೆ ಹೋಗುವ ಮಾತೂ ಕಿವಿಗೆ ಬಿದ್ದಿದೆ. ಆದರೂ ನಾನು ಖಾಲಿಯಲ್ಲ. ನನ್ನನ್ನು ಕೆಳಗೆ ತಳ್ಳಿದ್ದಾರೆ, ಅಳಿಸಿಲ್ಲ. ಆ ಮುದುಕಿಯ ಅಳುವಿನ ಒಂದು ಸಾಲನ್ನೂ ನಾನು ಬಿಟ್ಟುಕೊಟ್ಟಿಲ್ಲ, ಕೊಡುವುದೂ ಇಲ್ಲ. ವರದಿ ಬರೆದವರು ಬರೆದುಕೊಳ್ಳಲಿ.

ಸರ್ ಫೋನ್ ಕೈಗೆತ್ತಿಕೊಂಡು ಅದರಲ್ಲಿ ಮುಳುಗಿದರು. ಶೇವಂತಿ ಹೋಗಲಿಲ್ಲ. ಎಂದೂ ನೆಲ ನೋಡುವ ಹುಡುಗಿ ಇವತ್ತು ತಲೆ ಎತ್ತಿ, ಕಚೇರಿಗೆಲ್ಲ ಕೇಳುವ ಹಾಗೆ ಹೇಳಿದಳು. ಯಾರೂ ಕತ್ತೆತ್ತಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು.

"ಸರ, ಪಟ್ಟ್ಯಾಗಿನ ಆ ಎರಡನೇ ಸಾಲು ಮ್ಯಾಲ ಎಳೀರಿ."