ಸೇತುವೆಯ ಗೊಣಗಾಟ

ಕಬ್ಬಿಣ ಬಿರುಕು ಬಿಡುವಾಗ ಸದ್ದು ಮಾಡುತ್ತದೆ. ಅದೆಷ್ಟು ಸಣ್ಣ ಸದ್ದು ಅಂದರೆ, ಮನುಷ್ಯರದಿರಲಿ, ನಾಯಿಯ ಕಿವಿಗೂ ಬೀಳದು. ಆ ಸದ್ದು ಹಿಡಿಯುವ ಯಂತ್ರ ಹೊತ್ತು ತಿರುಗುವುದೇ ಅವಳ ಕಸುಬು. ಹೋದಲ್ಲೆಲ್ಲ ಕೆಲಸಗಾರರು ಅವಳನ್ನು ಕಿವಿಯಮ್ಮ ಅಂತಲೇ ಕರೆಯುತ್ತಿದ್ದರು.

ಇವತ್ತು ಕಿವಿಯಮ್ಮ ಕಿವಿಗೊಡಬೇಕಾಗಿದ್ದು ಕಾಲುವೆಯ ಮೇಲೆ ಹೊಸದಾಗಿ ಕಟ್ಟಿದ ಕಾಲುಸೇತುವೆಗೆ. ಅದಕ್ಕೆ ಬೆಸುಗೆ ಹಾಕಿದವನು ಬೇರೆ ಯಾರೂ ಅಲ್ಲ, ಅವಳ ಗಂಡ. ಇಷ್ಟು ವರ್ಷ ಯಾರ್ಯಾರದೋ ಕೈಕೆಳಗೆ ಗೇಟು, ಕಿಟಕಿ ಬೆಸೆದುಕೊಂಡಿದ್ದವನಿಗೆ ಸ್ವಂತ ಹೆಸರಿನಲ್ಲಿ ಸಿಕ್ಕ ಮೊದಲ ದೊಡ್ಡ ಕೆಲಸ. ಇದು ಕೆಟ್ಟರೆ ಮತ್ತೆ ಗೇಟು, ಕಿಟಕಿಯೇ ಗತಿ.

"ಗಂಡನ ಕೆಲಸವನ್ನ ಹೆಂಡತಿ ಪರೀಕ್ಷೆ ಮಾಡಿದರೆ ಜನ ಏನಂತಾರೆ? ಬೇರೆಯವರನ್ನ ಕರೆಸೋಣವಾ?" ಅಂತ ಇಂಜಿನಿಯರ್ ಮೊದಲೇ ಕೇಳಿದ್ದರು.

"ಬೇಡ ಸಾರ್," ಅಂದಿದ್ದ ಗಂಡ. "ಮದುವೆ ಆದಾಗಿಂದ ನನ್ನ ತಪ್ಪು ಹುಡುಕಿ ಹುಡುಕಿ ಪಳಗಿದವಳು. ಅವಳ ಕೈಲಿ ಪಾಸಾದರೆ ಯಾರ ಕೈಲಾದರೂ ಪಾಸು."

ಇಂಜಿನಿಯರ್ ನಕ್ಕರು. ಅವಳೂ ನಕ್ಕಳು. 

ಬೆಳಿಗ್ಗೆ ಸೇತುವೆಯ ಕಬ್ಬಿಣದ ತೊಲೆಯ ಉದ್ದಕ್ಕೂ ಅಲ್ಲಲ್ಲಿ ಗ್ರೀಸು ಸವರಿ ಪುಟ್ಟ ಪುಟ್ಟ ಸೆನ್ಸರುಗಳನ್ನು ಕೂರಿಸಿದಳು. ಒಂದೊಂದರ ಪಕ್ಕದಲ್ಲೂ ಪೆನ್ಸಿಲಿನ ತುದಿಯನ್ನು ಕಬ್ಬಿಣಕ್ಕೆ ಒತ್ತಿ ಪಟಕ್ಕನೆ ಮುರಿದಳು. ನೋಡಿದವರಿಗೆ ಮಕ್ಕಳಾಟ. ಆದರೆ ಪೆನ್ಸಿಲಿನ ಕಡ್ಡಿ ಮುರಿಯುವ ಸದ್ದು ಹೆಚ್ಚುಕಮ್ಮಿ ಬಿರುಕಿನ ಸದ್ದಿನ ಹಾಗೇ ಇರುತ್ತದೆ. ಎಲ್ಲಿ ಮುರಿದಳೋ ಯಂತ್ರದ ಪರದೆಯ ಮೇಲೂ ಅಲ್ಲೇ ಚುಕ್ಕಿ ಬಿದ್ದರೆ ಯಂತ್ರದ ಕಿವಿ ಸರಿಯಿದೆ ಅಂತ ಅರ್ಥ. ಬಿತ್ತು.

ಸೇತುವೆಯ ಮೇಲೆ ಡ್ರಮ್ಮುಗಳನ್ನು ಸಾಲಾಗಿಟ್ಟು ಕಾಲುವೆಯ ನೀರು ತುಂಬಿಸಿದರು. ಕೆಲಸಗಾರರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ತುದಿಗಾಲಲ್ಲಿ ಓಡಾಡತೊಡಗಿದರು. ಪಾಪ, ಮಾತಾಡಿದರೆ ಯಂತ್ರಕ್ಕೆ ತೊಂದರೆ ಅಂದುಕೊಂಡಿದ್ದರು. ಅವರ ಮಾತು ಆ ಯಂತ್ರಕ್ಕೆ ಕೇಳಿಸುವುದೇ ಇಲ್ಲ! ಇದನ್ನು ಅವಳು ಯಾವತ್ತೂ ಯಾರಿಗೂ ಹೇಳಿದವಳಲ್ಲ. ಸಿಕ್ಕ ನೆಮ್ಮದಿಯನ್ನು ಕೈಯಾರೆ ಬಿಟ್ಟುಕೊಡಲು ಅವಳಿಗೇನು ಹುಚ್ಚೇ?

ಭಾರ ಬೀಳುತ್ತಿದ್ದ ಹಾಗೆ ಪರದೆ ತುಂಬ ಚುಕ್ಕಿಗಳೆದ್ದವು. ಹಿಂದಿನಿಂದ ಇಣುಕಿದ ಗಂಡ ಬೆಚ್ಚಿಬಿದ್ದ.

"ಅಯ್ಯೋ, ಇದೇನೇ ಇಷ್ಟೊಂದು?"

"ಹೊಸ ಸೇತುವೆ ರೀ, ಮೈ ಮುರೀತಾ ಇದೆ. ಮೊದಲ ಸಲ ಎಲ್ಲವೂ ಗೊಣಗತ್ತೆ. ಅಷ್ಟೇ ಭಾರ ಮತ್ತೆ ಹಾಕಿದಾಗಲೂ ಗೊಣಗಿದರೆ ಮಾತ್ರ ಗಾಬರಿ ಬೀಳಬೇಕು."

"ಹೇಳಿದ್ದನ್ನೇ ಹೇಳೋದು ಅಂದರೆ ಥೇಟ್ ನಿನ್ನ ಹಾಗೆ."

"ಬಾಯಿ ಮುಚ್ಚಿ, ಯಂತ್ರಕ್ಕೆ ತೊಂದರೆ ಆಗತ್ತೆ," ಅಂದಳು ಅವಳು. ಅವನು ಪಾಪ, ಸುಮ್ಮನಾದ.

ಡ್ರಮ್ಮು ಖಾಲಿ ಮಾಡಿ ಮತ್ತೆ ತುಂಬಿಸಿದರು. ಈ ಸಲ ಪರದೆ ಖಾಲಿ. ಅರ್ಧ ತುಂಬಿದರೂ ಖಾಲಿಯೇ. ಗಂಡ ಮೀಸೆಯ ಮೇಲೆ ಕೈಯಾಡಿಸಿದ. ಅಷ್ಟರಲ್ಲಿ ಒಂದು ಚುಕ್ಕಿ ಬಿತ್ತು. ಅದರ ಪಕ್ಕದಲ್ಲೇ ಇನ್ನೊಂದು. ಆಮೇಲೆ ಒಂದರ ಮೇಲೊಂದು ಬೀಳುತ್ತಲೇ ಹೋದವು.  ತೊಲೆಯ ಎರಡು ತುಂಡುಗಳನ್ನು ಕೂಡಿಸಿದ ದೊಡ್ಡ ಬೆಸುಗೆ ಇದ್ದಿದ್ದು ಅಲ್ಲೇ. ಅದು ಹೋದರೆ ತೊಲೆಯನ್ನೇ ಕೊಯ್ದು ತೆಗೆಯಬೇಕು, ಅದರ ಜೊತೆ ಗಂಡನ ಹೆಸರೂ ಹೋಯಿತು.

ಇಂಜಿನಿಯರ್ ಹತ್ತಿರ ಬಂದು ದನಿ ತಗ್ಗಿಸಿದರು. "ಏನೋ ಉಜ್ಜಿದ ಸದ್ದಿರಬಹುದು. ಬಿರುಕು ಅಂತಲೇ ಹೇಳಬೇಕಿಲ್ಲ, ಸ್ವಲ್ಪ ಅನುಮಾನ ಇದೆ ಅಂದರೂ ಸಾಕು." ಒಳ್ಳೆಯ ಮನುಷ್ಯ. ಅವಳ ಮುಖ ನೋಡಲಾರದೆ, ಅಡ್ಡಗೋಡೆಯ ಮೇಲೆ ದೀಪ ಇಡುವ ದಾರಿ ತೋರಿಸಿದ್ದರು.

ಅವಳು ಗಂಡನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಾಯಿ ಬರುತ್ತಿರಲಿಲ್ಲ.

"ಅನುಮಾನ ಏನಿಲ್ಲ ಸಾರ್, ಬಿರುಕೇ. ನಮ್ಮನೆಯವರ ಬೆಸುಗೆ ಹತ್ತಿರಾನೇ ಇದೆ. ಸೇತುವೆ ಮೇಲೆ ಯಾರನ್ನೂ ಬಿಡಬೇಡಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಳು.

ಗಂಡ ಡ್ರಮ್ಮುಗಳು ಖಾಲಿಯಾಗುವವರೆಗೂ ನಿಂತಿದ್ದು, ಟಾರ್ಚು ಹಿಡಿದು ತೊಲೆಯ ಅಡಿಗೆ ಇಳಿದುಹೋದ. ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಎಲ್ಲ ಬಿಟ್ಟು ಇವನ ಹೊಟ್ಟೆಯ ಮೇಲೆ ಹೊಡೆಯಲು ನಾನೇ ಬರಬೇಕಿತ್ತೇ?

ಅಷ್ಟರಲ್ಲಿ ಕೆಳಗಿನಿಂದ ಕೂಗು: "ಲೇ, ಬಾರೇ ಇಲ್ಲಿ! ಪೆನ್ಸಿಲ್ ತಗೊಂಡು ಬಾ!"

ಇಳಿದು ನೋಡಿದಳು. ದೊಡ್ಡ ಬೆಸುಗೆಯಿಂದ ಒಂದು ಗೇಣು ಆಚೆ, ತೊಲೆಯ ಅಡಿಯಲ್ಲಿ, ಬಗ್ಗಿಸಿದ ಕಂಬಿಯ ಪುಟ್ಟ ಕೊಕ್ಕೆ. ಬಣ್ಣದವರು ಅದರ ಮೇಲೂ ಬಣ್ಣ ಬಳಿದು ಹೋಗಿದ್ದರು.

"ಏನ್ರೀ ಇದು?"

"ಊಟದ ಡಬ್ಬಿ ನೆಲದ ಮೇಲಿಡಬೇಡಿ, ಇರುವೆ ಹತ್ತತ್ತೆ ಅಂತ ದಿನಾ ಬಡಕೊಳ್ತಿದ್ದೆಯಲ್ಲ? ಅದನ್ನ ನೇತುಹಾಕೋಕೆ ಅವಸರದಲ್ಲಿ ಬೆಸೆದಿದ್ದು. ತೆಗೆಯೋದು ಮರೆತೇಹೋಯ್ತು."

ಅವಳು ಕೊಕ್ಕೆಯ ಬುಡದಲ್ಲಿ ಕಡ್ಡಿ ಮುರಿದಳು. "ಅದೇ ಜಾಗ! ಚುಕ್ಕಿ ಮೇಲೇ ಚುಕ್ಕಿ!" ಅಂತ ಮೇಲಿನಿಂದ ಇಂಜಿನಿಯರ್ ಕೂಗಿದರು. ದೊಡ್ಡ ಬೆಸುಗೆಯ ಮೇಲೆ ಮುರಿದಾಗ ಚುಕ್ಕಿ ದೂರ ಬಿತ್ತು. ಬಣ್ಣ ಕೆರೆದು, ಬಿರುಕು ತೋರಿಸುವ ಕೆಂಪು ದ್ರವ ಸವರಿ ಒರೆಸಿದಾಗ ಕೊಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಉಳಿಯಿತು. ದೊಡ್ಡ ಬೆಸುಗೆಯಲ್ಲಿ ಏನೂ ಇಲ್ಲ.

ಗಂಡ ಕೊಕ್ಕೆ ಕಿತ್ತು, ಬುಡವನ್ನು ನುಣ್ಣಗೆ ಉಜ್ಜಿದ. ಗೆರೆ ತೊಲೆಯ ಒಳಕ್ಕೆ ಇಳಿದಿರಲಿಲ್ಲ, ಪೂರ್ತಿ ಹೋಯಿತು. ಮೂರನೇ ಸಲ ನೀರು ತುಂಬಿಸಿದಾಗ ಕೊನೆಯವರೆಗೂ ಒಂದು ಚುಕ್ಕಿಯೂ ಬೀಳಲಿಲ್ಲ. ಅವಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮಧ್ಯಾಹ್ನ ಇಬ್ಬರೂ ಕಾಲುವೆಯ ದಂಡೆಯಲ್ಲಿ ಊಟಕ್ಕೆ ಕೂತರು.

"ನನ್ನ ಮೇಲೆ ಸಿಟ್ಟು ಬಂತಾ?" ಅವಳು ಕೇಳಿದಳು. "ಕೊಕ್ಕೆ ವಿಷಯ ನನಗೆ ಗೊತ್ತಿರಲಿಲ್ಲ ರೀ. ನಿಮ್ಮ ಬೆಸುಗೆಯೇ ಹೋಯ್ತು ಅಂದುಕೊಂಡೇ ಹೇಳಿದ್ದು."

"ಅದು ನನಗೂ ಗೊತ್ತಾಯ್ತು." ಅವನು ತುತ್ತು ನುಂಗಿದ. "ಒಂದು ಗಳಿಗೆ ಉರೀತು, ಸುಳ್ಳು ಯಾಕೆ ಹೇಳಲಿ? ಆದರೆ ಈಗ ನೀನು ಸೇತುವೆ ಗಟ್ಟಿ ಇದೆ ಅಂದರೆ ಯಾರೂ ಎರಡು ಮಾತಾಡೋ ಹಾಗಿಲ್ಲ. ನೀನೇ ಬರಬೇಕು ಅಂದಿದ್ದು ಯಾಕೆ ಅಂದುಕೊಂಡೆ ಮತ್ತೆ?"

 ಅವನು ಡಬ್ಬಿ ಹಿಡಿದುಕೊಂಡು ಎಲ್ಲಿಡಲಿ ಅಂತ ಸುತ್ತಮುತ್ತ ನೋಡುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಅದನ್ನು ಕಿತ್ತುಕೊಂಡು ಕೆಳಗಿಟ್ಟಳು.

"ನೆಲದ ಮೇಲೇ ಇರಲಿ," ಅಂದಳು. "ಇರುವೆ ಬಂದರೆ ಬರಲಿ."