ಗಿರಿಯಣ್ಣನವರ ನಿರಪರಾಧಿಗಳು

ಕಾರು ಕೆಟ್ಟಿದೆಯೆಂದು ಹೋದವರಿಗೆ ಗಿರಿಯಣ್ಣನವರು ಕೊಡುವ ಮೊದಲ ಅಚ್ಚರಿಯೆಂದರೆ ಅವರು ಬಾನೆಟ್ಟನ್ನು ಮುಟ್ಟುವುದೇ ಇಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು, ಹಿಂದಿನ ಬಾಗಿಲು ತೆಗೆದು, ನಿಶ್ಚಿತಾರ್ಥಕ್ಕೆ ಹೊರಟ ಮನೆಯ ಹಿರಿಯರಂತೆ ಹಿಂಬದಿಯ ಸೀಟಿನ ನಟ್ಟನಡುವೆ ಕೂತು, ಎರಡೂ ಅಂಗೈಗಳನ್ನು ಸೀಟಿನ ಮೇಲೆ ಊರಿ, ಕಣ್ಣು ಮುಚ್ಚಿ, "ಹೂಂ, ನೀವು ದಿನಾ ಹೋಗೋ ದಾರೀಲೇ ಹೋಗಿ" ಎನ್ನುತ್ತಾರೆ. ಮೊದಲ ಸಲ ಅವರನ್ನು ಹೀಗೆ ಕೂರಿಸಿಕೊಂಡು ಕಾಮಾಕ್ಷಿಪಾಳ್ಯದಿಂದ ಚಂದ್ರಾ ಲೇಔಟಿನ ನನ್ನ ಮನೆಯ ತನಕ ಹೋಗಿ ಹಿಂದಿರುಗುವಷ್ಟರಲ್ಲಿ, ನಾನು ಮೆಕ್ಯಾನಿಕ್ಕನ ಬಳಿಗೆ ಬಂದಿದ್ದೇನೋ ಡ್ರೈವರ್ ಕೆಲಸಕ್ಕೆ ಸೇರಿದ್ದೇನೋ ಎಂಬ ಅನುಮಾನ ನನಗೇ ಹುಟ್ಟಿತ್ತು. ದಾರಿಯುದ್ದಕ್ಕೂ ತುಟಿ ಬಿಚ್ಚದ ಮನುಷ್ಯ ಶೆಡ್ಡಿನ ಮುಂದೆ ಇಳಿದು ಚಪ್ಪಲಿ ಮೆಟ್ಟುತ್ತಾ ಹೇಳಿದರು: "ಕ್ಲಚ್ ಪ್ಲೇಟಿಂದು ತಪ್ಪೇನಿಲ್ಲ ಮೇಷ್ಟ್ರೇ. ನಿಮ್ಮ ಎಡಗಾಲು ಪೆಡಲ್ ಮೇಲೇ ಸಂಸಾರ ಹೂಡಿದೆ." ಕ್ಲಚ್ ಬದಲಾಯಿಸದೆ ಗತ್ಯಂತರವಿಲ್ಲವೆಂದು ಮೂರು ಕಡೆ ಹೇಳಿಸಿಕೊಂಡು ಬಂದಿದ್ದ ನಾನು ಅಂದು ಕಾಲು ಎತ್ತಿಡುವುದನ್ನು ಕಲಿತೆ. ಆ ಪ್ಲೇಟು ಇನ್ನೂ ಏಳು ವರ್ಷ ಬಾಳಿತು.

ಪೂರ್ತಿ ಹೆಸರು ವೆಂಕಟಗಿರಿ, ವಯಸ್ಸು ಅರವತ್ತೆರಡು. ಮಾಗಡಿ ರಸ್ತೆಯಿಂದ ಒಳಕ್ಕೆ, ಗಾರ್ಮೆಂಟ್ಸಿನ ಹೊಲಿಗೆ ಯಂತ್ರಗಳ ಸದ್ದಿನ ನಡುವೆ, ಅವರ ತಂದೆ ಒಂದು ಕಾಲಕ್ಕೆ ದಂಟು, ಕೊತ್ತಂಬರಿ ಬೆಳೆಯುತ್ತಿದ್ದ ನೆಲದಲ್ಲೇ ಅವರ ಶೆಡ್ಡು. ಅದರ ಮೇಲೆ ಮನೆ. ಎಡಮಂಡಿ ಸಹಕರಿಸದ ಕಾರಣ ಹೆಜ್ಜೆಗೊಮ್ಮೆ ಬಲಕ್ಕೆ ವಾಲಿ, ಪ್ರತಿ ಕಾರಿನ ಬಳಿಯೂ ಏನೋ ಗುಟ್ಟು ಕೇಳಿಸಿಕೊಳ್ಳಲು ಬಾಗಿದವರಂತೆ ಕಾಣುತ್ತಾರೆ. ಮೈಮೇಲೆ ಸದಾ ಒಂದು ಮಾಸಲು ನೀಲಿ ಕೋಟು. ಅದರ ಮೇಲಿನ ಜೇಬಿನಲ್ಲಿ, ನಮ್ಮಂಥ ಅಧ್ಯಾಪಕರಿಗೇ ಈಗ ಬೇಡವಾಗಿರುವ ಸೀಮೆಸುಣ್ಣದ ತುಂಡು. ತಮ್ಮ ಕೈಯಾರೆ ಬಿಗಿದ ಪ್ರತಿಯೊಂದು ಬೋಲ್ಟಿನ ತಲೆಯ ಮೇಲೂ ಅವರು ಒಂದು ಬಿಳಿ ಗೆರೆ ಎಳೆಯುತ್ತಾರೆ. ಗೆರೆ ಎಳೆಯದೆ ಎದ್ದುಹೋಗಿ ಫೋನು ಎತ್ತಿದ್ದನ್ನು ನಾನು ಕಂಡಿಲ್ಲ.

ಅವರ ಬಳಿಗೆ ಬರುವವು ಹೆಚ್ಚಾಗಿ ಇಪ್ಪತ್ತು, ಇಪ್ಪತ್ತೈದು ವರ್ಷ ದಾಟಿದ ಜಪಾನಿ ಕಾರುಗಳು. ಓಟಕ್ಕೆಂದೇ ಹುಟ್ಟಿ, ನಮ್ಮ ರಸ್ತೆಗಳಲ್ಲಿ ತೆವಳುವ ಶಿಕ್ಷೆ ಅನುಭವಿಸುತ್ತಿರುವ ಜೀವಗಳು ಅವು. ಅವುಗಳ ಬಿಡಿಭಾಗಗಳು ಬರುವುದು ನಿಂತು ಎಷ್ಟೋ ಕಾಲವಾಯಿತು. ಈ ಕಾರುಗಳನ್ನು ತರುವ ಹುಡುಗರು ರೋಗಕ್ಕಿಂತ ಮೊದಲೇ ಔಷಧಿಯನ್ನು ಓದಿಕೊಂಡು ಬಂದಿರುತ್ತಾರೆ. ವಿಜಯನಗರದ ದರ್ಶನ್ ಎಂಬಾತ ಒಮ್ಮೆ ಫೋನು ತೋರಿಸುತ್ತಾ, "ಅಣ್ಣಾ, ಎಲ್ಲಾ ಸೆನ್ಸರ್ ಚೇಂಜ್ ಮಾಡ್ಬಿಡು ಅಂತಾವ್ರೆ ಇಲ್ಲಿ" ಎಂದ.

"ಯಾರು ಅಂದಿದ್ದು? ಕಾರು ಹೇಳ್ತಾ?" ಎಂದರು ಗಿರಿಯಣ್ಣ. ಆಮೇಲೆ ಅವರ ಬಾಯಿಂದ ದಿನಕ್ಕೆ ಹತ್ತು ಸಲವಾದರೂ ಬೀಳುವ ಮಾತು ಬಿತ್ತು: "ಸಾಕ್ಷಿ ಎಲ್ಲಿ?"

ಆದರೆ ಗಿರಿಯಣ್ಣನವರನ್ನು ಅರಿಯಬೇಕಾದರೆ ಅವರ ಶೆಡ್ಡಿನ ಪಡುವಣ ಗೋಡೆಯನ್ನು ನೋಡಬೇಕು. ಅಲ್ಲಿ ಸಾಲಾಗಿ ಒಂಬತ್ತು ಮೊಳೆಗಳು. ಒಂದೊಂದಕ್ಕೂ ಒಂದೊಂದು ಹಳೆಯ ಭಾಗ: ಒಂದು ಆಲ್ಟರ್ನೇಟರ್, ಒಂದು ಪೆಟ್ರೋಲ್ ಪಂಪು, ಎರಡು ಸೆನ್ಸರು, ಹೀಗೆ. ಪ್ರತಿಯೊಂದರ ಕೊರಳಲ್ಲೂ ಒಂದು ರಟ್ಟಿನ ಚೀಟಿ. ಚೀಟಿಯಲ್ಲಿ ತಾರೀಖು, ಕಾರಿನ ನಂಬರು, ಕೆಳಗೆ ದಪ್ಪಕ್ಷರದಲ್ಲಿ "ತಪ್ಪಿಲ್ಲ" ಎಂಬ ಒಂದೇ ಪದ. ಇವೆಲ್ಲ ಗಿರಿಯಣ್ಣನವರು ಕೆಟ್ಟಿವೆಯೆಂದು ತೀರ್ಮಾನಿಸಿ ಬಿಚ್ಚಿದ, ಆಮೇಲೆ ದೋಷ ಬೇರೆಲ್ಲೋ ಇತ್ತೆಂದು ತಿಳಿದ, ಏನೂ ಆಗದ ಭಾಗಗಳು. ಇವನ್ನು ಅವರು ಇನ್ನೊಂದು ಕಾರಿಗೆ ಹಾಕುವುದಿಲ್ಲ, ಗುಜರಿಗೂ ಕೊಡುವುದಿಲ್ಲ. "ಒಂದ್ಸಲ ಅವಮಾನ ಆಗಿದೆ, ಸಾಕು" ಎನ್ನುತ್ತಾರೆ. ಆಯುಧಪೂಜೆಯ ದಿನ ಸ್ಪ್ಯಾನರು, ಜಾಕುಗಳಿಗಿಂತ ಮೊದಲು ಸೇವಂತಿಗೆ ಹೂವು ಏರುವುದು ಈ ನಿರಪರಾಧಿಗಳಿಗೇ. ತನ್ನ ತಪ್ಪನ್ನು ಮರೆಮಾಚಲು ಮನುಷ್ಯ ಏನೆಲ್ಲ ಉಪಾಯ ಹೂಡುತ್ತಾನೆಂಬುದನ್ನು ಬಲ್ಲ ನನಗೆ, ಬಂದ ಗಿರಾಕಿಯ ಕಣ್ಣಿಗೆ ಮೊದಲು ಬೀಳುವಂತೆ ಅದನ್ನು ತೂಗುಹಾಕಿದ ಈ ವರ್ತಕಬುದ್ಧಿಯಿಲ್ಲದ ಮನುಷ್ಯನ ಮೇಲೆ ಭಕ್ತಿಯೇ ಬಂದುಬಿಟ್ಟಿತು. ಮೊದಲನೆಯ ಮೊಳೆಯ ಮೇಲಿನ ಕಪ್ಪು ಡಬ್ಬಿಯ ಚೀಟಿಯಲ್ಲಿ ಮಾತ್ರ ಕಾರಿನ ನಂಬರಿರಲಿಲ್ಲ. ಬರೀ 2012 ಎಂದಿತ್ತು. ಅದನ್ನು ನಾನು ಹೆಚ್ಚು ಗಮನಿಸಿರಲಿಲ್ಲ.

ಹೋದ ಬೇಸಿಗೆಯಲ್ಲಿ ನನ್ನ ಕಾರು ಹಟ ಹಿಡಿಯಿತು. ಎರಡು ಸಾವಿರದ ಒಂದನೇ ಇಸವಿಯ, ವಿ-ಟೆಕ್ ಎಂಜಿನ್ನಿನ ಜಪಾನಿ ಕಾರು ಅದು. ಎಂಜಿನ್ನಿನ ಸುತ್ತು ನಿಮಿಷಕ್ಕೆ ಐದು ಸಾವಿರ ದಾಟಿದರೆ ಅದರ ಕಂಠ ಬದಲಾಗುತ್ತದೆ, ಆ ಕಂಠ ಕೇಳುವ ಆಸೆಗೆ ನಾನದನ್ನು ಹದಿನಾಲ್ಕು ವರ್ಷದಿಂದ ಸಾಕುತ್ತಿದ್ದೇನೆ. ಬೆಳಿಗ್ಗೆ ಮುದ್ದಾಗಿ ಹೊರಡುವ ಕಾರು ಮಧ್ಯಾಹ್ನ ಬಿಸಿಲಲ್ಲಿ ನಿಂತಮೇಲೆ ಚಾಲೂ ಆಗದು. ಸಂಜೆ ತಂಪಾದರೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಹೊರಡುವುದು. ವಿಜಯನಗರದ ಮೆಟ್ರೋ ನಿಲ್ದಾಣದ ಕೆಳಗೆ ಒಮ್ಮೆ ಕೈಕೊಟ್ಟಾಗ ಹಿಂದಿದ್ದ ಬಸ್ಸಿನ ಡ್ರೈವರು ನನ್ನ ಕಾರಿಗೂ ವಂಶಕ್ಕೂ ಸೇರಿಸಿ ಮಾತಾಡಿದ. ಗುಜರಿಗೆ ಹಾಕಿ ಎಂದು ಮನೆಯವರೆಲ್ಲ ಒಕ್ಕೊರಲಿನಿಂದ ಹೇಳಿದ ಮೇಲೆ, ಕೊನೆಯ ಆಸೆಯೊಂದಿಗೆ ಗಿರಿಯಣ್ಣನವರಲ್ಲಿಗೆ ಹೋದೆ.

ಅವರು ಕಾರನ್ನು ಗಾಜೇರಿಸಿ ನಡುಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ, ಒಂದು ಗಂಟೆಯ ಬಳಿಕ ಆ ಒಲೆಯೊಳಗೆ ತಾವೇ ಹೋಗಿ ಹಿಂದಿನ ಸೀಟಿನಲ್ಲಿ ಕೂತರು. "ಚಾವಿ ತಿರುಗ್ಸಿ" ಎಂದರು. ಆ ಸೀಟಿನ ಕೆಳಗೇ ಪೆಟ್ರೋಲ್ ಪಂಪು ಇರುವುದು. ಚಾವಿ ತಿರುಗಿಸಿದೊಡನೆ ಅದು ಎರಡು ಕ್ಷಣ ಗುಂಯ್ ಎನ್ನಬೇಕು. ಅನ್ನಲಿಲ್ಲ. ಬೆವರಿನಲ್ಲಿ ಮಿಂದು ಇಳಿದ ಗಿರಿಯಣ್ಣ, ತಗ್ಗಿ, ಡ್ಯಾಶ್‌ಬೋರ್ಡಿನ ಅಡಿಯಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕಪ್ಪು ಡಬ್ಬಿ ತೆಗೆದರು. ಪಂಪಿಗೆ ಕರೆಂಟು ದಾಟಿಸುವ ರಿಲೇ ಅದು. ಒಳಗಿನ ಬೆಸುಗೆ ಇಪ್ಪತ್ತು ಬೇಸಿಗೆ ಕಂಡು ಕೂದಲೆಳೆಯಷ್ಟು ಬಿರಿದಿತ್ತು. ಕಾದರೆ ಆ ಬಿರುಕು ಬಾಯಿ ಬಿಡುತ್ತಿತ್ತು. ಸಾಕ್ಷಿ ಸಿಕ್ಕಿತು; ಆದರೆ ಬದಲಿ ಭಾಗ ಸಿಗಬೇಕಲ್ಲ? ಆನ್‌ಲೈನಿನಲ್ಲಿ ತರಿಸಿದ ಹೊಸದು ಜಪಾನಿ ಅಕ್ಷರದ ಪೆಟ್ಟಿಗೆಯಲ್ಲಿ ಬಂದು ಒಂಬತ್ತನೇ ದಿನಕ್ಕೆ ಕಣ್ಣು ಮುಚ್ಚಿತು. ಹಳೆಯದಕ್ಕೆ ಅಷ್ಟು ಸಣ್ಣ ಬೆಸುಗೆ ಹಾಕಲು ಗಿರಿಯಣ್ಣನವರ ಕಣ್ಣು ಸಾಲದು. ಅವರು ಆ ಗೋಡೆಯ ಬಳಿಗೆ ಹೋದರು. ಮೊದಲನೆಯ ಮೊಳೆಯಿಂದ ಅಂಥದೇ ಕಪ್ಪು ಡಬ್ಬಿಯನ್ನು ಇಳಿಸಿ, ಧೂಳು ಒರೆಸಿ, ನನ್ನ ಕಾರಿಗೆ ಹಾಕಿದರು. ಮಧ್ಯಾಹ್ನದ ಬಿಸಿಲಲ್ಲಿ ಪಂಪು ಗುಂಯ್ ಎಂದಿತು. ಮೂರು ವಾರ ದಿನವೂ ಅಂದಿತು.

ಕೃತಜ್ಞತೆ ಹೇಳಲು ಹೋದವನು, "ಯಾರ ಬೆಸುಗೆ ಗಿರಿಯಣ್ಣ ಇದು? ಇಷ್ಟು ಗಟ್ಟಿ?" ಎಂದು ಕೇಳಿದೆ. ಅವರು ಒಂದು ಕಾರಿನ ಚಕ್ರದ ಹಿಂದೆ ಮರೆಯಾದರು. ಊಟ ತಂದಿದ್ದ ಅವರ ಪತ್ನಿ ಇಂದ್ರಮ್ಮನವರು ಬುತ್ತಿಯ ಮುಚ್ಚಳವನ್ನು ಟಣ್ಣೆಂದು ಇಟ್ಟು ಹೇಳಿದರು: "ಶ್ರೀಶೈಲ ಅಂತ ಇಲ್ಲಿ ಕೆಲ್ಸಕ್ಕಿದ್ದ, ಅವಂದು. ಹನ್ನೆರಡು ವರ್ಷದಿಂದ ಆ ರಿಲೇಗೆ ಹೂ ಇಡ್ತಾರೆ ಮೇಷ್ಟ್ರೇ. ಆ ಮನುಷ್ಯನ ಹತ್ರ ಹೋಗಿ ಒಂದು ಮಾತು ಆಡಕ್ಕಾಗಿಲ್ಲ ಇವ್ರಿಗೆ."

ಇಂದ್ರಮ್ಮನವರು ಹೇಳಿದಂತೆ, ಶ್ರೀಶೈಲ ವಿಜಯಪುರದ ಕಡೆಯವನು. ಈ ಶೆಡ್ಡಿನಲ್ಲಿ ಆರು ವರ್ಷ ವೈರಿಂಗ್ ಕೆಲಸ ಮಾಡಿದವನು. ಎರಡು ಸಾವಿರದ ಹನ್ನೆರಡರಲ್ಲಿ, ಬಸವೇಶ್ವರನಗರದ ಜಗನ್ನಾಥ ಎಂಬವರ ಕಾರಿಗೆ (ಅದೂ ನನ್ನದರಂಥದೇ ವಿ-ಟೆಕ್) ಗಿರಿಯಣ್ಣ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದ್ದರು, ಶ್ರೀಶೈಲ ಅದೇ ವಾರ ರಿಲೇಗೆ ಬೆಸುಗೆ ಹಾಕಿದ್ದ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡಿದ್ದ ಜಗನ್ನಾಥರ ಕಾರು ನಡುರಸ್ತೆಯಲ್ಲಿ ನಿಂತಿತು. ಅವರು ಬಂದು ಕೂಗಾಡಿದರು. ಮುಖಭಂಗವಾದ ಗಿರಿಯಣ್ಣ ಹಿಂದೆಮುಂದೆ ನೋಡದೆ, ನಾಲ್ಕು ಗಿರಾಕಿಗಳ ಎದುರಿಗೆ, ಎಲ್ಲವೂ ಈತನ ಬೆಸುಗೆಯಿಂದಾಯಿತೆಂದು ಶ್ರೀಶೈಲನನ್ನು ಬಾಯಿಗೆ ಬಂದಂತೆ ಬೈದು ಹೊರಗೆ ಕಳಿಸಿದರು. "ನನ್ನ ಬೆಸುಗಿ ಬಿಡಂಗಿಲ್ರಿ" ಎಂದಷ್ಟೇ ಅಂದು ಆತ ಹೋದನಂತೆ. ಹೊಸ ರಿಲೇ ಹಾಕಿದ ಎಂಟನೇ ದಿನ ಅದೇ ಕಾರು ಮತ್ತೆ ನಿಂತಿತು. ಈ ಸಲ ಗಿರಿಯಣ್ಣ ಬುಡದಿಂದ ಹುಡುಕಿದಾಗ, ಗೇರ್‌ಬಾಕ್ಸಿನ ಮೇಲಿನ ಅರ್ತ್ ವೈರಿನ ಬೋಲ್ಟು ಬೆರಳಿಗೇ ತಿರುಗಿತು; ಅದು ಅಲುಗಿದಾಗಲೆಲ್ಲ ಕರೆಂಟು ಕಡಿಯುತ್ತಿತ್ತು. ಬಿಗಿಯದೆ ಬಿಟ್ಟವರು ಸ್ವತಃ ಅವರೇ. ಸೀಮೆಸುಣ್ಣ ಜೇಬಿಗೆ ಬಂದದ್ದು, ಗೋಡೆಗೆ ಮೊದಲ ಮೊಳೆ ಬಿದ್ದದ್ದು, "ಸಾಕ್ಷಿ ಎಲ್ಲಿ" ಎಂಬ ಮಾತು ಹುಟ್ಟಿದ್ದು, ಮೂರೂ ಆ ದಿನವೇ. ಆದರೆ ಬಾಯಿಲ್ಲದ ವಸ್ತುವಿನ ಮುಂದೆ ತಪ್ಪೊಪ್ಪಿಕೊಂಡಷ್ಟು ಸಲೀಸಾಗಿ ಬಾಯಿದ್ದವರ ಮುಂದೆ ಒಪ್ಪಿಕೊಳ್ಳಲಾಗುವುದಿಲ್ಲ. ಶ್ರೀಶೈಲನ ಅಂಗಡಿ ಕೆಂಗೇರಿಯಲ್ಲಿದೆಯೆಂದು ಗೊತ್ತಿದ್ದೂ, ಎರಡು ಸಲ ಬಸ್ಸಿನಲ್ಲಿ ಅಲ್ಲಿಯ ತನಕ ಹೋಗಿ ಇಳಿಯದೆ ಬಂದಿದ್ದರಂತೆ.

ಚಕ್ರದ ಹಿಂದಿನಿಂದ ಗಿರಿಯಣ್ಣನವರ ದನಿ ಬಂತು: "ನಾಳೆ ಬಿಡುವಿದ್ಯಾ ಮೇಷ್ಟ್ರೇ?"

ಮರುದಿನ ಅವರು ಇಸ್ತ್ರಿಯಾದ ನೀಲಿ ಕೋಟು ತೊಟ್ಟು, ಚಪ್ಪಲಿ ಬಿಟ್ಟು, ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತರು. ಈ ಸಲ ಕಣ್ಣು ಮಾತ್ರ ಮುಚ್ಚಲಿಲ್ಲ. ಕೆಂಗೇರಿ ಮುಟ್ಟಿದಾಗ ಶ್ರೀಶೈಲ ಒಬ್ಬನೇ ಅಂಗಡಿಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ. "ಹೋಗಿ ಗಿರಿಯಣ್ಣ, ಈಗ ಯಾರೂ ಇಲ್ಲ" ಎಂದೆ.

"ಅದಕ್ಕೇ ಬೇಡ" ಎಂದರು. "ಬೈದಿದ್ದು ನಾಲ್ಕು ಜನರ ಮುಂದೆ. ಒಪ್ಕೊಳ್ಳೋದು ಮೂಲೇಲಿ ಆಗ್ಬಾರ್ದು."

ಎದುರಿನ ಟೀ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂತೆವು. ಒಬ್ಬ ಆಟೋದವನು ಬಂದ, ಇಬ್ಬರು ಹಾರನ್ ಸರಿಮಾಡಿಸಲು ಬಂದರು, ಕೊನೆಗೆ ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡ ಡೆಲಿವರಿ ಹುಡುಗನೊಬ್ಬ ಸ್ಕೂಟರು ತಳ್ಳಿಕೊಂಡು ಬಂದ. ಗಿರಿಯಣ್ಣ ಎಣಿಸಿ ಎದ್ದರು. ನನ್ನ ಕಾರಿನೊಳಕ್ಕೆ ಕೈ ಹಾಕಿ, ನನ್ನನ್ನು ಒಂದು ಮಾತೂ ಕೇಳದೆ ರಿಲೇ ಕಿತ್ತುಕೊಂಡು, ವಾಲುತ್ತಾ ರಸ್ತೆ ದಾಟಿದರು.

"ಸ್ವಾಮಿ, ಎಲ್ರೂ ಒಂದು ನಿಮಿಷ" ಎಂದರು. ದನಿ ಅಗತ್ಯಕ್ಕಿಂತ ಜೋರಾಗಿತ್ತು. "ಈ ಶ್ರೀಶೈಲ ನನ್ನ ಹತ್ರ ಕೆಲ್ಸದಲ್ಲಿದ್ದ. ಇವನ ಬೆಸುಗೆ ಬಿಟ್ಟು ಗಾಡಿ ನಿಲ್ತು ಅಂತ ಬೈದು ಕಳ್ಸಿದ್ದೆ. ಬೆಸುಗೆ ಬಿಟ್ಟಿರ್ಲಿಲ್ಲ. ಬೋಲ್ಟ್ ಸಡಿಲ ಇತ್ತು. ಬಿಗಿ ಮಾಡ್ದೆ ಬಿಟ್ಟಿದ್ದು ನಾನು. ತಪ್ಪು ನಂದು."

ಡೆಲಿವರಿ ಹುಡುಗ ಗಡಿಯಾರ ನೋಡಿಕೊಂಡು, "ಅಣ್ಣಾ, ನನ್ ಸ್ಕೂಟ್ರು?" ಎಂದ. ಶ್ರೀಶೈಲ ರಿಲೇಯನ್ನು ಕೈಗೆ ತೆಗೆದುಕೊಂಡು, ಕವಚ ಬಿಚ್ಚಿ, ಬೆಳಕಿಗೆ ಹಿಡಿದು ತನ್ನದೇ ಬೆಸುಗೆಯನ್ನು ಒಂದೊಂದಾಗಿ ನೋಡಿದ.

"ಎಂಟು ತಿಂಗಳು ಯಾರೂ ಕೆಲಸ ಕೊಡ್ಲಿಲ್ರಿ ನನಗ" ಎಂದ, ತಲೆಯೆತ್ತದೆ. "ಗಿರಿಯಣ್ಣನಽ ಬಿಡಿಸ್ಯಾನ ಅಂದ್ರ ಇವನ ಕೈ ಚಲೋ ಇರಲಿಕ್ಕಿಲ್ಲ ಅಂದ್ರು."

"ಹೌದಪ್ಪ" ಎಂದರು ಗಿರಿಯಣ್ಣ. ಆಮೇಲೆ ರಿಲೇಯ ಕಡೆ ಕೈ ತೋರಿಸಿದರು. "ಅದಿಲ್ದೆ ಮೇಷ್ಟ್ರ ಗಾಡಿ ಇಲ್ಲಿಂದ ಹೊರಡಲ್ಲ. ಹಾಕೋದು ಬಿಡೋದು ನಿಂಗೆ ಬಿಟ್ಟಿದ್ದು."

ಶ್ರೀಶೈಲ ಮೊದಲು ಹುಡುಗನ ಸ್ಕೂಟರು ಸರಿಮಾಡಿದ, ಆಮೇಲೆ ಆಟೋ, ಆಮೇಲೆ ಹಾರನ್ನುಗಳು. ನಾವು ಬಿಸಿಲಲ್ಲಿ ನಿಂತೇ ಇದ್ದೆವು. ಕೊನೆಗೆ ಕೈ ಒರೆಸಿಕೊಂಡು ಬಂದು, ನನ್ನ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ರಿಲೇಯನ್ನು ಅದರ ಜಾಗದಲ್ಲಿ ಕೂರಿಸಿದ. ಗಿರಿಯಣ್ಣ ಚಪ್ಪಲಿ ಬಿಟ್ಟು ಹಿಂದಿನ ಸೀಟಿಗೆ ಹತ್ತಿದರು. ನಾನು ಚಾವಿ ತಿರುಗಿಸಿದೆ. ಪಂಪು ಗುಂಯ್ ಎಂದಿತು.

"ಬಿಟ್ಟಿಲ್ಲ ನೋಡ್ರಿ ಯಜಮಾನ್ರ" ಎಂದ ಶ್ರೀಶೈಲ.

"ಇಲ್ಲಪ್ಪ. ಬಿಟ್ಟಿಲ್ಲ."

ಕನ್ನಡಿಯಲ್ಲಿ ನೋಡಿದೆ. ಗಿರಿಯಣ್ಣ ಕಣ್ಣು ಮುಚ್ಚಿ ಕೂತಿದ್ದರು, ಕೆನ್ನೆ ಒದ್ದೆಯಾಗಿತ್ತು. ಶ್ರೀಶೈಲ ರಸ್ತೆಯಾಚೆಗೆ ಕೂಗಿ ಮೂರು ಚಹಾ ಹೇಳಿದ.

ಶ್ರೀಶೈಲ ಕಾಮಾಕ್ಷಿಪಾಳ್ಯಕ್ಕೆ ಮರಳಿ ಬರಲಿಲ್ಲ. ಸ್ವಂತ ಅಂಗಡಿ ಬಿಟ್ಟು ಯಾಕಾದರೂ ಬರಬೇಕು? ಗಿರಿಯಣ್ಣನವರ ಬೆಸುಗೆಯ ಕೆಲಸಗಳೆಲ್ಲ ಈಗ ಕೆಂಗೇರಿಗೆ ಹೋಗುತ್ತವೆ, ಎಷ್ಟೋ ಸಲ ನನ್ನ ಕಾರಿನಲ್ಲೇ. ಮೊದಲ ಮೊಳೆಯ ಮೇಲೆ ಡಬ್ಬಿಯಿಲ್ಲ. ಚೀಟಿ ಮಾತ್ರ ಇದೆ, ಅದರಲ್ಲಿ ಸೀಸದ ಕಡ್ಡಿಯಿಂದ "ಶ್ರೀಶೈಲ" ಎಂದು ಹೊಸದಾಗಿ ಸೇರಿಸಿದ್ದಾರೆ. ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ಮಕ್ಕಳ ತಪ್ಪುಗಳಿಗೆ ಗೆರೆ ಎಳೆದ ನನ್ನ ಮನೆಯಲ್ಲಿ ಅಂಥ ಒಂದು ಮೊಳೆಯೂ ಇಲ್ಲವಲ್ಲ ಎಂದು ಆ ಗೋಡೆಯ ಮುಂದೆ ನಿಂತಾಗಲೆಲ್ಲ ನಾಚಿಕೆಯಾಗುತ್ತದೆ. ಕೈಚಳಕದ ಮೆಕ್ಯಾನಿಕ್ಕುಗಳು ಈ ಊರಿನ ಓಣಿಗೊಬ್ಬರು ಸಿಗುತ್ತಾರೆ. ಗಿರಿಯಣ್ಣನವರ ಬಗೆಯವರು ಅಪರೂಪ. ಅವರು ತಡಮಾಡುತ್ತಾರೆ, ಬಸ್ಸಿನಿಂದ ಇಳಿಯದೆ ಹಿಂದಿರುಗುತ್ತಾರೆ, ಆದರೂ ಒಂದು ದಿನ ಇಸ್ತ್ರಿಯ ಕೋಟು ತೊಟ್ಟು ರಸ್ತೆ ದಾಟುತ್ತಾರೆ. ಇಂಥವರ ಕೈಗೆ ನಾವು ನಮ್ಮ ಹೆಂಡತಿ ಮಕ್ಕಳು ಕೂರುವ ಕಾರನ್ನು ನಿಶ್ಚಿಂತೆಯಿಂದ ಒಪ್ಪಿಸಿ ಬರುವುದು ಅವರು ಎಡವಲಾರರೆಂದು ತಿಳಿದಲ್ಲ. ಎಡವಿದರೆ ನಾಲ್ಕು ಜನರ ಮುಂದೆ ನಿಂತು ಹೇಳುತ್ತಾರೆಂದು ತಿಳಿದು.