ಮಲ್ಲಿಗೆ ಮುಡಿಸಿದ ಕಾಯಿಲೆ

ಶಂಕರಪುರಂನ ಆ ಮನೆಯಲ್ಲಿ ವೈಜಯಂತಿಗೆ ತಿಂಗಳಿಗೊಮ್ಮೆ ಎಣ್ಣೆ ಒತ್ತಿ ತಲೆಗೆ ನೀರು ಹಾಕುತ್ತಿದ್ದರು. ಹಬ್ಬಕ್ಕಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಕ್ಕೆ. ಉಳಿದ ದಿನವೆಲ್ಲ ಆಕೆ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಅನ್ನ ಬೇಡ, ಬಾಚಣಿಗೆ ಬೇಡ, ಯಾರ ಮುಖವೂ ಬೇಡ. ಆದರೆ ಡಾಕ್ಟರ ದಿನ ಬಂತೆಂದರೆ ಅತ್ತೆ ಕಾವೇರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಡುವರು. ಸಿಕ್ಕು ಬಿಡಿಸಿ ಜಡೆ, ಇಸ್ತ್ರಿ ಮಾಡಿದ ಮೈಸೂರು ಸಿಲ್ಕು, ಗಾಂಧಿಬಜಾರಿನ ಮಲ್ಲಿಗೆ, ಮುಖಕ್ಕಿಷ್ಟು ಪೌಡರು. ಮನೆತನಸ್ಥರ ಸೊಸೆ ಬೀದಿಗಿಳಿದರೆ ಲಕ್ಷಣವಾಗಿರಬೇಕು, ಇದು ಕಾವೇರಮ್ಮನ ಕಾನೂನು. ಮನೆಯೊಳಗೆ ಹೇಗೆ ಬೇಕಾದರೂ ಕೊಳೆಯಲಿ ಎನ್ನುವುದು ಅದೇ ಕಾನೂನಿನ ಇನ್ನರ್ಧ. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಚಾಮರಾಜಪೇಟೆಯ ಮನಸ್ಸಿನ ಡಾಕ್ಟರು ಕತ್ತೆತ್ತಿದರೆ ಕಾಣುವುದು ರೇಷ್ಮೆ, ಮಲ್ಲಿಗೆ. ಹೇಗಿದ್ದಾರೆ ಎಂದು ಅವರು ಕೇಳುವುದು ಗಂಡ ವೆಂಕಟಾಚಲನನ್ನು. ಪರವಾಗಿಲ್ಲ ಸಾರ್, ಎನ್ನುವನು ಅವನು. ಯಾರು ಕೇಳಿದರೂ ಹಾಗೆನ್ನುವುದೇ ಮರ್ಯಾದೆ ಎಂದು ಕಲಿತ ಬ್ಯಾಂಕ್ ಗುಮಾಸ್ತ ಇನ್ನೇನು ತಾನೇ ಹೇಳಿಯಾನು. ಸರಿ, ಅದೇ ಮಾತ್ರೆ ಮುಂದುವರಿಸಿ, ಮುಂದಿನ ತಿಂಗಳು ಬನ್ನಿ. ಹೀಗೇ ಮೂರು ವರ್ಷ. ಮನೆಗೆ ಬಂದ ಕೂಡಲೇ ಅವಳು ಹೂವು ಕಿತ್ತು ಮತ್ತೆ ಗೋಡೆಗೆ ತಿರುಗುವಳು. ಇಷ್ಟು ಔಷಧ ತಿಂದರೂ ನಾಟುತ್ತಿಲ್ಲವೆಂದರೆ ಇವಳಿಗೇ ಹುಷಾರಾಗುವ ಮನಸ್ಸಿಲ್ಲ ಎಂದು ಮನೆಮಂದಿಯೆಲ್ಲ ತೀರ್ಪು ಕೊಡುವರು. ಅಲ್ಲ ಸ್ವಾಮಿ, ಸೋತದ್ದು ಔಷಧ, ಬೈಸಿಕೊಳ್ಳುವವಳು ಅದನ್ನು ನುಂಗಿದವಳು! ಇದ್ಯಾವ ಊರಿನ ನ್ಯಾಯ?

ಎನ್.ಆರ್. ಕಾಲೋನಿಯಲ್ಲಿದ್ದ ವೈಜಯಂತಿಯ ಅಕ್ಕ ರಂಗನಾಯಕಿಗೆ ಮೈಯೆಲ್ಲ ಉರಿಯುತ್ತಿತ್ತು. ಹೈಸ್ಕೂಲು ಟೀಚರು, ಸಿಟ್ಟಿಗೆ ಹೆಸರಾದವಳು. ಬಂದ ನೆಂಟರೆಲ್ಲ ಉಪದೇಶ ಕೊಟ್ಟು ಕಾಫಿ ಕುಡಿದು ಹೋಗುವರು. ಗವಿಪುರದ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಲಿ ಎಂದು ಒಬ್ಬರು, ದಿನಾ ಲಾಲ್‌ಬಾಗ್ ಸುತ್ತಲಿ ಎಂದು ಇನ್ನೊಬ್ಬರು. ಮಂಚದಿಂದ ಬಚ್ಚಲಿಗೆ ಹೋಗಲಾರದವಳು ಲಾಲ್‌ಬಾಗ್ ಸುತ್ತಬೇಕಂತೆ. ಇವರ ತಲೆಯಲ್ಲಿ ಇರುವುದು ಮಿದುಳೋ ಮಣ್ಣೋ ಎಂದು ರಂಗನಾಯಕಿ ಹಲ್ಲು ಕಡಿಯುವಳು.

ಆ ತಿಂಗಳು ಡಾಕ್ಟರ ದಿನ ಅವಳು ಸ್ಕೂಲಿಗೆ ರಜ ಹಾಕಿ ಬೆಳಿಗ್ಗೆಯೇ ಬಂದಳು. ವೆಂಕಟಾಚಲ ಬ್ಯಾಂಕಿಗೆ ಹೋಗಿದ್ದ, ಹನ್ನೊಂದಕ್ಕೆ ಬಂದು ಕರೆದೊಯ್ಯುವವನಿದ್ದ. ಕಾವೇರಮ್ಮ ಹಂಡೆಗೆ ಉರಿ ಹಾಕುತ್ತಿದ್ದರು. ಕೋಣೆಯಲ್ಲಿ ವೈಜಯಂತಿ ಗೋಡೆಯಿಂದ ಮುಖ ತಿರುಗಿಸದೆಯೇ ಮಾತಾಡಿದಳು.

"ಅಕ್ಕಾ, ಹಿತ್ಲಲ್ಲಿರೋ ಬಾವಿ ಜಾಲರಿಗೆ ಒಂದು ಬೀಗ ಹಾಕ್ಸ್ತೀಯಾ? ನನ್ನ ಮೇಲೆ ನಂಗೇ ನಂಬಿಕೆ ಇಲ್ಲ."

ರಂಗನಾಯಕಿ ಮಂಚದ ಅಂಚಿಗೆ ಕೂತಳು. ತಂಗಿಯ ಕೈ ಹಿಡಿದುಕೊಂಡಳು. ಡಾಕ್ಟರಿಗೆ ಇದನ್ನು ಹೇಳಿದೆಯಾ ಎಂದು ಕೇಳಿದಳು. ಅವರು ನನ್ನನ್ನು ಏನೂ ಕೇಳುವುದಿಲ್ಲ ಎಂದಳು ವೈಜಯಂತಿ, ದೂರೇ ಇಲ್ಲದ ದನಿಯಲ್ಲಿ.

ಇನ್ನು ಒಂದು ನಿಮಿಷ ಕಾಯುವ ಮಾತಿಲ್ಲ ಎಂದು ರಂಗನಾಯಕಿ ಹೊರಗೆ ಹೋಗಿ ಆಟೋ ನಿಲ್ಲಿಸಿಕೊಂಡು ಬಂದಳು. ಮಾಸಿದ ನೂಲಿನ ಸೀರೆ, ಜಡೆಗಟ್ಟಿದ ಕೂದಲು, ಬೋಳು ಹಣೆ, ಹೇಗಿದ್ದಳೋ ಹಾಗೇ ತಂಗಿಯನ್ನು ಎಬ್ಬಿಸಿ ಹೊಸ್ತಿಲ ತನಕ ತಂದಳು. ಕಾವೇರಮ್ಮ ಬಾಗಿಲಿಗೆ ಅಡ್ಡ ನಿಂತರು. ಈ ಅವತಾರದಲ್ಲಿ ಕರೆದುಕೊಂಡು ಹೋದರೆ ಬೀದಿಯವರು ಏನೆಂದುಕೊಳ್ಳುತ್ತಾರೆ, ನೀರು ಕಾಯುವ ತನಕವಾದರೂ ತಡಿ ಎಂದರು.

"ಏನಾದ್ರೂ ಅಂದ್ಕೊಳ್ಲಿ ಮಾಮಿ. ಬಾವಿಯಿಂದ ಎತ್ತಿದ್ಮೇಲೆ ಅಂದ್ಕೊಳ್ಳೋದಕ್ಕಿಂತ ಇದೇ ವಾಸಿ."

ಕಾವೇರಮ್ಮನ ಕೈ ಬಾಗಿಲಿನಿಂದ ತಾನಾಗಿ ಕೆಳಗಿಳಿಯಿತು. ಎದುರು ಮನೆಯವರು ಗೇಟಿಗೆ ಬಂದು ನಿಂತು ನೋಡಿದರು. ನೋಡಲಿ, ಕಣ್ಣಿರುವುದೇ ಅದಕ್ಕೆ ಎಂದುಕೊಂಡು ರಂಗನಾಯಕಿ ಆಟೋ ಹತ್ತಿದಳು.

ಡಾಕ್ಟರು ಕತ್ತೆತ್ತಿದರು. ಹೊಸ ಪೇಷೆಂಟೇ, ಹೆಸರೇನು ಎಂದು ಕೇಳಿದರು. ಮೂರು ವರ್ಷದಿಂದ ನಿಮ್ಮ ಹತ್ತಿರವೇ ಬರುತ್ತಿರುವ ವೈಜಯಂತಿ ಎಂದು ರಂಗನಾಯಕಿ ಹೇಳಿದ ಮೇಲೂ ಅವರಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಯಾವಾಗಿನಿಂದ ಹೀಗಾಯಿತು ಎಂದು ಗಾಬರಿಯಿಂದ ಕೇಳಿದರು. ರಂಗನಾಯಕಿ ಬಾಯಿ ತೆರೆಯುವಷ್ಟರಲ್ಲಿ ವೈಜಯಂತಿಯೇ ಹೇಳಿದಳು.

"ಯಾವಾಗ್ಲೂ ಹೀಗೇ ಇದ್ದೆ ಡಾಕ್ಟ್ರೇ. ಮೇಲೆ ಸೀರೆ ಉಡ್ಸಿರ್ತಿದ್ರು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲೇ ಹೇಳಬೇಕಿತ್ತು ಎಂದು ಗೊಣಗಿದರು. ನೀವು ಮೊದಲೇ ಕೇಳಬೇಕಿತ್ತು ಎಂದು ರಂಗನಾಯಕಿ ತಿರುಗಿಸಿ ಕೊಟ್ಟಳು. ಪಾಪ, ಮನುಷ್ಯ ಕೆಟ್ಟವರಲ್ಲ, ಮುಖ ಕೆಂಪಾಯಿತು. ಆಮೇಲೆ ಹೊರಗಿನ ಸಾಲನ್ನು ಕಾಯಲು ಬಿಟ್ಟು ಬಾವಿಯ ಮಾತನ್ನೂ ಸೇರಿಸಿ ಎಲ್ಲವನ್ನೂ ವೈಜಯಂತಿಯ ಬಾಯಿಂದಲೇ ಕೇಳಿದರು. ಕೊಟ್ಟ ಎರಡು ಬಗೆಯ ಮಾತ್ರೆಯೂ ಹಿಡಿದಿಲ್ಲ, ಕೆಲವರಿಗೆ ಹೀಗಾಗುತ್ತದೆ, ಇದರಲ್ಲಿ ನಿಮ್ಮ ತಪ್ಪು ಒಂದಿಷ್ಟೂ ಇಲ್ಲ ಎಂದು ಅವಳಿಗೇ ಹೇಳಿದರು. ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ಅಲ್ಲಿ ಅರಿವಳಿಕೆ ಕೊಟ್ಟು ತಲೆಗೆ ಕರೆಂಟಿನ ಚಿಕಿತ್ಸೆ ಮಾಡಬಹುದು, ಜನ ಹೆದರುವಷ್ಟು ಅದು ಭಯಂಕರವಲ್ಲ, ಮಾತ್ರೆಗೆ ಬಗ್ಗದ ಎಷ್ಟೋ ಜನ ಅದರಿಂದ ಎದ್ದಿದ್ದಾರೆ, ಆದರೆ ಗ್ಯಾರಂಟಿ ಕೊಡಲಾರೆ ಎಂದರು. ವೈಜಯಂತಿ ಆಗಲಿ ಎಂದು ತಲೆಯಾಡಿಸಿದಳು. ತನ್ನ ತಪ್ಪಿಲ್ಲ ಎಂಬ ಮಾತಿಗೆ ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಅಷ್ಟರಲ್ಲಿ ವೆಂಕಟಾಚಲ ಏದುಸಿರು ಬಿಡುತ್ತಾ ಬಂದ. ಕೈಯಲ್ಲಿ ಅಮ್ಮ ಕೊಟ್ಟು ಕಳಿಸಿದ ಚೀಲ: ರೇಷ್ಮೆ ಸೀರೆ, ಬಾಚಣಿಗೆ, ಬಾಳೆಯೆಲೆಯಲ್ಲಿ ಸುತ್ತಿದ ಮಲ್ಲಿಗೆ. ಆಸ್ಪತ್ರೆಯ ವಿಷಯ ಕೇಳಿ ಅವನು ಚೀಲವನ್ನು ಬೆಂಚಿನ ಮೇಲಿಟ್ಟು ಬಿಚ್ಚಿದ. ಅಲ್ಲಿ ಗುರುತಿನವರು ಸಿಕ್ಕರೆ ಕಷ್ಟ, ಸೀರೆಯನ್ನಾದರೂ ಬದಲಾಯಿಸಿಬಿಡೋಣ ಅತ್ತಿಗೆ ಎಂದು ಬೇಡಿಕೊಂಡ.

ರಂಗನಾಯಕಿಗೆ ಆ ಚೀಲವನ್ನು ಬೀದಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ.

"ಚೀಲ ಆಮೇಲೆ. ಹಿತ್ಲ ಬಾವಿಗೆ ಬೀಗ ಹಾಕ್ಸಿ ಅಂತಿದಾಳೆ ನಿಮ್ಮ ಹೆಂಡ್ತಿ. ಯಾಕೆ ಅಂತ ನನ್ನ ಕೇಳ್ಬೇಡಿ, ಅವಳನ್ನ ಕೇಳಿ."

ಮೂರು ವರ್ಷದಲ್ಲಿ ಮೊದಲ ಸಲ ವೆಂಕಟಾಚಲ ಹೆಂಡತಿಯ ಕಡೆ ತಿರುಗಿ ಕೇಳಿದ. ಅವಳು ಹೇಳಿದಳು. ಚೀಲ ಬೆಂಚಿನ ಮೇಲೇ ಉಳಿಯಿತು. ಜಡೆಗಟ್ಟಿದ ಆ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಅವನು ನಡುಹಗಲಿನ ಚಾಮರಾಜಪೇಟೆಯಲ್ಲಿ, ಎಲ್ಲರೆದುರಿಗೇ, ಆಟೋ ಹತ್ತಿದ.